ಕರಿ ಮೀನಿನ ಪೇಢೆ

ಸಿಂದಗಿ ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಇನ್ನೂ ಯಾರೂ ಎದ್ದಿಲ್ಲ. ರಾತ್ರಿ ಹೋದ ಕರೆಂಟು ಬಂದಿಲ್ಲ. ಕೌಂಟರಿನ ಪಕ್ಕದ ಗಾಜಿನ ಟಾಕಿಯ ಮುಂದೆ, ಸ್ಟೂಲಿನ ಮೇಲೆ ನಿಂತು ಚಮನಸಾಬ ಚರಿಗೆಯಲ್ಲಿ ನೀರು ಮೊಗೆಯುತ್ತಾರೆ, ತಲೆಯ ಮಟ್ಟಕ್ಕೆ ಎತ್ತುತ್ತಾರೆ, ಸಣ್ಣ ಧಾರೆಯಾಗಿ ಮತ್ತೆ ಅದೇ ಟಾಕಿಗೆ ಸುರಿಯುತ್ತಾರೆ. ಮತ್ತೆ ಮೊಗೆಯುತ್ತಾರೆ. ಮೇಲೆ ತೇಲಿ ಬಾಯಿ ಬಿಡುತ್ತಿದ್ದ ಕೆಂಪು ಮೀನುಗಳು ಒಂದೊಂದಾಗಿ ಕೆಳಗಿಳಿಯತೊಡಗುತ್ತವೆ.

"ಗಾಳಿ ಬಿಡು ಮೋಟರ ಬಂದ್ ಆದ್ರ ನೀರಾಗ ಉಸರ ತೀರತೈತ್ರಿ. ಹಿಂಗ ಮ್ಯಾಲಿಂದ ಹೊಯ್ದ್ರ ಒಂದೀಟು ಗಾಳಿ ಕೂಡತೈತಿ. ಚಾದಂಗಡ್ಯಾಂವ ಚಾ ಆರಸೂದು ನೋಡಿ ಕಲತೇನಿ" ಎಂದು ನನಗೆ ಹೇಳುತ್ತಾರೆ.

ನೀರಿನ ಸದ್ದಿಗೆ ಬೆಂಚಿನ ಮೇಲೆ ಮಲಗಿದ್ದ ಮ್ಯಾನೇಜರ್ ಕಣ್ಣು ತೆರೆಯುತ್ತಾನೆ. "ಏನ್ ಚಮನಸಾಬ, ನಸಿಕಿನ್ಯಾಗ ಅಭಿಷೇಕ ನಡೆಸೀಯಲ್ಲ?"

"ನೀ ಮಕ್ಕೋಪಾ. ಮಂಗಳಾರತಿಗೆ ಎಬ್ಬಸ್ತೇನಿ."

ಮ್ಯಾನೇಜರ್ ನಗುತ್ತಾ ಮಗ್ಗಲು ಬದಲಿಸುತ್ತಾನೆ. ಆ ಮೀನುಗಳು ಅವನ ತಲೆಯಿಂದ ಒಂದು ಮಾರು ದೂರದಲ್ಲಿ ರಾತ್ರಿಯೆಲ್ಲ ಉಸಿರಿಗೆ ಒದ್ದಾಡಿವೆ. ಅವನನ್ನು ಬೈಯಲೂ ಆಗುವುದಿಲ್ಲ, ಅವನಿಗೆ ಏನೂ ಕೇಳಿಸಿಲ್ಲ. ಆಡಿಗೆ ಕಷ್ಟವಾದರೆ ಓಣಿ ಎದ್ದು ಕೂರುತ್ತದೆ. ಮೀನಿಗೆ ಕೂಗುವ ಗಂಟಲಿಲ್ಲ. ಚಮನಸಾಬರ ಕೆಲಸವಿರುವುದೇ ಈ ಸದ್ದಿಲ್ಲದ ಕಡೆಯಲ್ಲಿ, ಅವರ ಸಿಟ್ಟಿರುವುದೂ ಅಲ್ಲೇ.

ಐವತ್ತು ದಾಟಿರುವ ಚಮನಸಾಬರದು ಭೀಮಾ ತೀರದ ದೇವಣಗಾಂವ. ತಂದೆ ಹೊಳೆಗೆ ಬಲೆ ಹಾಕುತ್ತಿದ್ದರು. ಮಗ ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಸಿಂದಗಿಗೆ ತಂದು ಮಾರುತ್ತಿದ್ದರು. ಎಲ್ಲ ಓಣಿಗಳಲ್ಲಿ ಅಲ್ಲ. ಕೆಲವು ಓಣಿಗಳಲ್ಲಿ ಬುಟ್ಟಿಗೆ ಗೋಣಿಚೀಲ ಮುಚ್ಚಿ, ಗಂಟೆ ಬಾರಿಸದೆ, ಬೇಗ ದಾಟಿಬಿಡಬೇಕಿತ್ತು. ಅಂಥ ಓಣಿಯಿಂದಲೇ ಒಂದು ದಿನ ಅವರಿಗೆ ಕರೆ ಬಂತು.

ಅರಿವೆ ಅಂಗಡಿಯ ಸಾವಕಾರರು ವಾಸ್ತು ನೋಡುವವರ ಮಾತು ಕೇಳಿ ಸೊಲ್ಲಾಪುರದಿಂದ ಮೀನಿನ ಟಾಕಿ ತರಿಸಿದ್ದರು. ಎರಡೇ ದಿನಕ್ಕೆ ಒಂದು ಮೀನು ಸತ್ತು ತೇಲಿತು. ಅಂಗಡಿಯಲ್ಲಿದ್ದವರೆಲ್ಲ ಮೀನು ಮುಟ್ಟದ ಮನೆತನದವರು. ನೀರಿಗೆ ಕೈ ಹಾಕುವವರಿಲ್ಲ. ಸಾವಕಾರರು ಬೀದಿಗೆ ಬಂದು ನಿಂತರು.

"'ಏ ಚಮನ್ಯಾ, ಬಾ ಇಲ್ಲೆ, ನೀ ಮೀನಿನಾಂವ ಅಲ್ಲೇನು?' ಅಂದ್ರು. ನಾ ಅಂದೆ, 'ಹೌದ್ರಿ ಸಾವಕಾರ್ರ, ಖರೇ ನಾ ಸತ್ತ ಮೀನಿನಾಂವ. ಜಿಂದಾ ಮೀನಿನ ಸುದ್ದಿ ನನಗ ಗೊತ್ತಿಲ್ಲ.' 'ಇದೂ ಸತ್ತೈತಿ, ಬಾ' ಅಂದ್ರು!"

ಟಾಕಿ ನೋಡಿಕೊಳ್ಳುವ ಕೆಲಸ ಹೀಗೆ ಶುರುವಾಯಿತು. ಕಲಿತದ್ದು ತಪ್ಪು ಮಾಡಿಯೇ. ಪಾಪ, ಬೋರಿನ ನೀರಲ್ಲಿ ಇವಕ್ಕೆ ಏನು ಸುಖ ಎಂದು ಕನಿಕರಪಟ್ಟು ದೇವಣಗಾಂವದಿಂದ ಕ್ಯಾನಿನಲ್ಲಿ ಭೀಮೆಯ ನೀರು ತಂದು ತುಂಬಿದರು. ಒಂದು ವಾರದಲ್ಲಿ ಮೀನುಗಳ ಮೈಮೇಲೆ ಬಿಳಿ ಚುಕ್ಕೆ ಎದ್ದವು, ಎಲ್ಲವೂ ಸತ್ತವು. "ತವರಮನಿ ನೀರ ಕುಡಸಿ ಕೊಂದಂಗಾತ್ರಿ. ಅವಕ್ಕ ಹೊಳಿ ತವರಮನಿ ಅಲ್ಲ, ಗ್ಲಾಸಿನ್ಯಾಗ ಹುಟ್ಟಿದ್ದು ಅವು. ನಂಗ ತಿಳೀಲಿಲ್ಲ." ಇದನ್ನು ಹೇಳುವಾಗ ಅವರು ಕಣ್ಣು ತಪ್ಪಿಸುವುದಿಲ್ಲ. ತನ್ನ ಕೈಯಿಂದ ಸತ್ತದ್ದು ತನ್ನ ಕೈಯಿಂದಲೇ ಸತ್ತಿತು ಎನ್ನುತ್ತಾರೆ. ಇಷ್ಟು ಸರಳ ಮಾತನ್ನು ಹೇಳುವ ಇನ್ನೊಬ್ಬರನ್ನು ಈ ಕೆಲಸದಲ್ಲಿ ತಾನು ಕಂಡಿಲ್ಲ ಎನ್ನುವುದೇ ಅವರ ದೂರು.

ದೂರು ಏನೆಂದು ತಿಳಿಯಬೇಕಾದರೆ ಈ ಟಾಕಿಗಳ ಪದ್ಧತಿ ತಿಳಿಯಬೇಕು. ಟಾಕಿಯಲ್ಲಿ ಎಂಟು ಕೆಂಪು ಮೀನು, ಒಂದು ಕರಿ ಮೀನು ಇರಬೇಕು. ಕೆಂಪು ಐಶ್ವರ್ಯಕ್ಕೆ, ಕರಿ ಪೀಡೆಗೆ. ಮನೆಗೆ ಬರುವ ಕಂಟಕವನ್ನು ಕರಿ ಮೀನು ತನ್ನ ಮೈಮೇಲೆ ಎಳೆದುಕೊಂಡು ಸಾಯುತ್ತದೆ. ಅದು ಸತ್ತರೆ ದುಃಖಪಡಬಾರದು, ಪೇಢೆ ಹಂಚಿ ಹೊಸದನ್ನು ತರಬೇಕು. ಏಳೆಂಟು ವರ್ಷಗಳಿಂದ ಸಿಂದಗಿಯಲ್ಲೂ ಪಕ್ಕದ ಇಂಡಿಯಲ್ಲೂ ಉಳ್ಳವರ ಪಡಸಾಲೆಗಳಲ್ಲಿ ಇದು ಸಂಪ್ರದಾಯವೇ ಆಗಿಬಿಟ್ಟಿದೆ. ಟಾಕಿಗೆ ಚುರಮುರಿ ಸುರಿದು ಕೊಂದವರಿದ್ದಾರೆ. ಸೊಳ್ಳೆ ಔಷಧ ಹೊಡೆದು ಕೊಂದವರಿದ್ದಾರೆ. ಎಲ್ಲ ಮನೆಗಳಲ್ಲೂ ಕೊನೆಗೆ ಅದೇ ಪೇಢೆ. ಒಂದು ಜೀವ ಹೋಗಿದೆ, ಯಾಕೆ ಹೋಯಿತೆಂದು ಯಾರೂ ಕೇಳಬೇಕಾಗಿಲ್ಲ. ಯಾವ ಪುಣ್ಯಾತ್ಮರು ಕಂಡುಹಿಡಿದರೋ, ಉಪೇಕ್ಷೆಗೆ ಇದಕ್ಕಿಂತ ಸವಿಯಾದ ಹೆಸರು ಸಿಗಲಾರದು.

"ಮೀನ ತಿಂತೀವಿ ಅಂತ ನಮ್ಮನ್ನ ಅಂಗಳದಾಗ ನಿಂದ್ರಸ್ತಾರ್ರಿ. ನಿಂದ್ರಸಲಿ. ನಾವು ಹಿಡದದ್ದಕ್ಕ ಒಂದು ಲೆಕ್ಕ ಐತಿ, ಹೊಟ್ಟಿಗೆ ಹೋಗತೈತಿ. ಇವ್ರ ಮನ್ಯಾಗ ಸತ್ತದ್ದು ಯಾರ ಹೊಟ್ಟಿಗೂ ಇಲ್ಲ, ಯಾರ ಕಣ್ಣೀರಿಗೂ ಇಲ್ಲ. ಮ್ಯಾಲ ಪೇಢೆ ತಿನ್ನಂತಾರ!"

ಹಾಗೆ ತಿನ್ನದೆ ಬಂದ ಒಂದು ಪೇಢೆಯಿಂದಲೇ ಅವರ ಕೆಲಸ ಕುಸಿದಿದೆ. ಒಂದು ಕಾಲಕ್ಕೆ ಎರಡೂ ಊರು ಸೇರಿ ಹನ್ನೆರಡು ಟಾಕಿಗಳಿದ್ದವು. ಈಗ ಮೂರು ಉಳಿದಿವೆ.

ಆ ಪೇಢೆ ಕೊಟ್ಟವರು ಊರಿನ ಹಿರಿಯ ವಕೀಲ ಪಂಢರಿನಾಥರು. ಅವರ ಮನೆಯ ಟಾಕಿಯನ್ನು ಚಮನಸಾಬ ಐದು ವರ್ಷ ನೋಡಿಕೊಂಡರು. ಅಲ್ಲಿನ ಕರಿ ಮೀನು ಆ ಐದೂ ವರ್ಷ ಬದುಕಿತ್ತು. ಉಬ್ಬಿದ ಕಣ್ಣು, ಸೆರಗಿನಂಥ ಬಾಲ. ಚಮನಸಾಬ ಅದನ್ನು ಕರಿಯಾ ಎನ್ನುತ್ತಿದ್ದರು. ವಕೀಲರ ತಾಯಿ ಗೋದೂಬಾಯಿ ಕಾಳ್ಯಾ ಎನ್ನುತ್ತಿದ್ದರು. ಟಾಕಿ ಬಂದ ದಿನ ಮೀನು ಮನೆಯೊಳಗೆ ಬಂದರೆ ತಾನು ನೀರು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದ ಆಯಿ, ವರ್ಷ ಕಳೆಯುವುದರೊಳಗೆ ಜಪದ ಮಣೆಯನ್ನು ಟಾಕಿಯ ಎದುರಿಗೇ ಹಾಕಿಸಿಕೊಂಡರು.

"ಬೆರಳ ನೀರಾಗ ಇಟ್ರ ಕರಿಯಾ ಬಂದು ಮುದ್ದ ಕೊಡತಿತ್ರಿ. ಬ್ಯಾರೆದವರ ಬೆರಳಿಗೆ ಬರತಿದ್ದಿಲ್ಲ. ಜಡ್ಡ ಬಿದ್ದಾಗ ಒಂದು ಬಕೀಟನ್ಯಾಗ ಹಾಕಿ ಮನಿಗೆ ಒಯ್ದಿದ್ದೆ. ನನ್ನ ಹೇಂತಿ ಅಂದ್ಲು, 'ಒಗ್ಗರಣಿ ಹಾಕ್ಲೋ, ತೊಟ್ಟಲಾ ಕಟ್ಟಲೋ?'"

ಕರಿಯಾ ಬದುಕಿದ್ದೇ ತಪ್ಪಾಯಿತು. ಮೂರನೆಯ ವರ್ಷಕ್ಕೆ ವಕೀಲರಿಗೆ ಕಸಿವಿಸಿ. ಕರಿ ಮೀನು ಇನ್ನೂ ಸತ್ತಿಲ್ಲವೆಂದರೆ ಪೀಡೆ ಇನ್ನೂ ಮನೆಯಲ್ಲೇ ಇದೆ ಎಂದು ವಾಸ್ತುವಿನವರು ಹೇಳಿದ್ದರು. ಇದನ್ನು ತೆಗೆದು ಬೇರೆ ಮೀನು ತಂದು ಹಾಕು ಎಂದು ವಕೀಲರು ಚಮನಸಾಬರಿಗೆ ಹೇಳಿದರು. "ಚೊಲೋ ದುಡಿಯೋ ಎತ್ತಿಗೆ ಸಾಯವಲ್ದು ಅಂತ ಯಾರರೆ ಬೈತಾರೇನ್ರಿ?" ಎಂದು ಚಮನಸಾಬ ನಕ್ಕು ತಪ್ಪಿಸಿದರು. ಇನ್ನೆರಡು ವರ್ಷ ಹಾಗೇ ತಪ್ಪಿಸುತ್ತ ಬಂದರು.

ಹೋದ ದೀಪಾವಳಿಗೆ ಮುಂಚೆ ವಕೀಲರ ಪಡಸಾಲೆಗೆ ಆಯಿಲ್ ಪೇಂಟ್ ಹೊಡೆಸಿದರು. ಬಣ್ಣ ಹೊಡೆಯುವ ಮೊದಲು ತನಗೆ ಹೇಳಿ ಕಳಿಸಿ, ಟಾಕಿಯನ್ನು ಹಿತ್ತಲಿಗೆ ಇಡುತ್ತೇನೆ ಎಂದು ಚಮನಸಾಬ ಮೊದಲೇ ಹೇಳಿಟ್ಟಿದ್ದರು. ಅವರ ಓಣಿಯ ಎಸ್‌ಟಿಡಿ ಬೂತಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಯಾರೂ ಮಾಡಲಿಲ್ಲ. ಧೂಳು ಬರಬಾರದೆಂದು ಕಿಟಕಿ ಬಾಗಿಲು ಮುಚ್ಚಿ ಬಣ್ಣ ಬಳಿದರು. ಗಾಳಿಯ ಮೋಟರು ಆ ಟರ್ಪಂಟೈನ್ ಗಾಳಿಯನ್ನೇ ಹೀರಿ ನೀರಿಗೆ ಬಿಟ್ಟಿತು. ಅದೇ ಸಂಜೆ ವಕೀಲರ ಮಗ ಹೃಷೀಕೇಶ ಮೋರಟಗಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು, ಲಾರಿಯ ಗಾಲಿಯಿಂದ ಸ್ವಲ್ಪದರಲ್ಲಿ ಪಾರಾದ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವನು ಮನೆಗೆ ಬಂದಾಗ ಕರಿಯಾ ತೇಲುತ್ತಿತ್ತು.

ಮರುದಿನ ಚಮನಸಾಬ ಹೋದಾಗ ಮನೆಯಲ್ಲಿ ಹಬ್ಬ. ಬಣ್ಣದ ವಾಸನೆಗೆ ಅವರ ಕಣ್ಣಲ್ಲೇ ನೀರು ಬಂತು. ವಕೀಲರು ಕೈಗೆ ಪೇಢೆ ಇಟ್ಟರು. ಚಮನಸಾಬ ಅದನ್ನು ಕಟ್ಟೆಯ ಮೇಲಿಟ್ಟು ಹೇಳಿದರು: "ಸಾಹೇಬ್ರ, ಇದು ಬಣ್ಣದ ವಾಸನಿಗೆ ಸತ್ತೈತಿ."

ವಕೀಲರನ್ನು ಕಂಡು ಕೇಳಿದರೆ ಅವರು ಆ ಮಾತನ್ನು ಇನ್ನೂ ಮರೆತಿಲ್ಲ. "ನನ್ನ ಮಗ ಸಾವಿನ ಬಾಯಿಂದ ಎದ್ದು ಬಂದಾನ. ಅದೇ ದಿವಸ ಮೀನು ಹೋಗ್ಯದ. ನಾ ಏನಂತ ತಿಳೀಬೇಕು, ನೀವೇ ಹೇಳ್ರಿ. ಇಂವ ಬಂದು ಅದೇನಲ್ಲ ಅಂತಾನ. ಹಂಗಾರ ನನ್ನ ಮಗ ಸಾಯಬೇಕಿತ್ತೇನು?" ಮಗನನ್ನು ಕಳೆದುಕೊಳ್ಳಲಿದ್ದ ತಂದೆಯ ಭಯ ಸುಳ್ಳಲ್ಲ. ಆದರೆ ಆ ಭಯದಲ್ಲಿ ಅವರು ಮಾಡಿದ್ದೇನು? ಚಮನಸಾಬ ಅಪಶಕುನ ನುಡಿಯುವವನೆಂದು ಕೋರ್ಟಿನಲ್ಲಿ, ಅಂಗಡಿಗಳಲ್ಲಿ ಹೇಳಿದರು. ದೊಡ್ಡವರ ಮಾತು ನಡೆದುಕೊಂಡು ಹೋಗುವುದಿಲ್ಲ, ಓಡುತ್ತದೆ. ಒಂದೊಂದೇ ಮನೆಯ ಬಾಗಿಲು ಮುಚ್ಚಿತು. ಐದು ವರ್ಷ ಬದುಕಿಸಿದವನು ಅಪಶಕುನ, ಒಂದೇ ದಿನದಲ್ಲಿ ಕೊಂದವರು ಭಾಗ್ಯವಂತರು.

"ನಾನೂ ಆ ಹುಡುಗನ ಸಲುವಾಗಿ ದುವಾ ಮಾಡೇನ್ರಿ" ಎನ್ನುತ್ತಾರೆ ಚಮನಸಾಬ. "ಅಲ್ಲಾ ಉಳಿಸ್ಯಾನ, ಶುಕರ್. ಆದ್ರ ಅಲ್ಲಾಗ ಒಂದು ಮೀನಿನ ಜೀವಾ ಲಂಚ ಕೊಡಬೇಕೇನ್ರಿ?"

ರಾಜಿಯ ದಾರಿಯೂ ತೆರೆದಿದೆ. ಒಮ್ಮೆ ಬಂದು, ಮೀನು ಕಂಟಕ ತಗೊಂಡೇ ಹೋಯಿತು ಎಂದು ನಾಲ್ಕು ಜನರ ಮುಂದೆ ಹೇಳಿ ಪೇಢೆ ತಿಂದರೆ ಎಲ್ಲ ಟಾಕಿಗಳನ್ನೂ ತಿರುಗಿ ಕೊಡಿಸುತ್ತೇನೆ ಎಂದು ವಕೀಲರು ಹೇಳಿ ಕಳಿಸಿದ್ದಾರೆ. ಚಮನಸಾಬ ಹೋಗಿಲ್ಲ. ಹೆಂಡತಿ ದಾವಲಬಿಗೆ ಇದೇ ಸಿಟ್ಟು. ಬಾಡಿಗೆ ಕೋಣೆಯ ಒಲೆಯ ಮುಂದೆ ಕೂತು ಮೀನಿನ ಸಾರು ಬಡಿಸುತ್ತ ಗಂಡನಿಗೆ ಕೇಳುವಂತೆ ಹೇಳುತ್ತಾರೆ: "ಮುಳ್ಳಿನ ಮೀನ ನುಂಗು ಗಂಟಲದಾಗ ಒಂದು ಪೇಢೆ ಇಳೀಲಿಲ್ಲ ನೋಡ್ರಿ ಈ ನವಾಬಗ!"

"ಮುಳ್ಳ ಕಾಣತೈತಿ, ಆರಿಸಿ ತೆಗೀತೇನಿ" ಎಂದು ಚಮನಸಾಬ ತಾಟಿನಿಂದ ತಲೆ ಎತ್ತದೆ ಹೇಳುತ್ತಾರೆ. ದಾವಲಬಿ ಸೌಟು ಕುಕ್ಕುತ್ತಾರೆ. ಸ್ವಲ್ಪ ಹೊತ್ತಿನ ನಂತರ ಇನ್ನೊಂದು ತುಂಡನ್ನು ಅದೇ ತಾಟಿಗೆ ಹಾಕುತ್ತಾರೆ.

ನನಗೆ ವಕೀಲರ ಮನೆಯ ದಾರಿ ತೋರಿಸಲು ಬಂದಿದ್ದ ದಿನ ಚಮನಸಾಬ ಒಳಗೆ ಬರಲಿಲ್ಲ. ಸೈಕಲ್ ಹಿಡಿದು ಗೇಟಿನ ಹೊರಗೇ ನಿಂತಿದ್ದರು. ಒಳಗೆ ಬಣ್ಣ ಹೊಳೆಯುವ ಪಡಸಾಲೆಯಲ್ಲಿ ಟಾಕಿ ಇನ್ನೂ ಇದೆ. ದೀಪಾವಳಿಯಿಂದ ಈಚೆಗೆ ಎರಡು ಕರಿ ಮೀನು ಸತ್ತು, ಈಗಿನದು ಮೂರನೆಯದು. ನೀರು ಹಸಿರುಗಟ್ಟಿದೆ. ಗೋದೂಬಾಯಿಯ ಮಣೆ ಮಾತ್ರ ಅಲ್ಲಿಲ್ಲ, ದೇವರ ಕೋಣೆಗೆ ಹೋಗಿದೆ. ವಕೀಲರು ಮಾತಾಡಿದಷ್ಟು ಹೊತ್ತೂ ಆ ಮುದುಕಿ ಬಾಗಿಲ ಮರೆಯಲ್ಲಿ ನಿಂತಿದ್ದರು.

ನಾನು ಹೊರಡುವಾಗ ಗೋದೂಬಾಯಿ ಕೋಲೂರಿಕೊಂಡು ಗೇಟಿನವರೆಗೆ ಬಂದರು. ಚಮನಸಾಬ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ತಲೆಯ ಟೊಪ್ಪಿಗೆ ಸರಿಮಾಡಿಕೊಂಡರು.

"ಚಮನಾ, ಕಾಳ್ಯಾನ್ನ ಎಲ್ಲಿ ಹುಗದ್ಯೋ?"

ಇಷ್ಟು ವರ್ಷಗಳಲ್ಲಿ, ಇಷ್ಟು ಮನೆಗಳಲ್ಲಿ, ಯಾರೂ ಚಮನಸಾಬರನ್ನು ಹೀಗೆ ಕೇಳಿರಲಿಲ್ಲ.

"ಹುಗದಿಲ್ರಿ ಆಯಿ. ದೇವಣಗಾಂವಕ್ಕ ಒಯ್ದು ಹೊಳಿಗೆ ಬಿಟ್ಟೆ. ಹೊಳ್ಯಾಗಿನ ಮೀನ ತಿಂದಿರ್ತಾವ. ಹಸದವರ ಹೊಟ್ಟಿಗೆ ಹೋತು, ಹಾಳಾಗಲಿಲ್ಲ."

ಮಾಧ್ವರ ಮನೆಯ ಆ ಹಿರಿಯ ಹೆಂಗಸು ಮುಖ ಕಿವುಚಲಿಲ್ಲ. ತಲೆಯಾಡಿಸಿದರು. "ಬಣ್ಣ ಹಚ್ಚೋ ದಿವಸ ನಾ ಅಲ್ಲೇ ಕೂತಿದ್ದೆ. ಅದು ಮ್ಯಾಲ ಬರತಿತ್ತು, ಬಾಯಿ ತಗೀತಿತ್ತು. ಕಿಟಕಿ ತಗೀರೋ ಅನಬೇಕಂದೆ. ಮಗಾ ಬೈತಾನಂತ ಸುಮ್ಮನಾದೆ." ಅಷ್ಟೇ ಹೇಳಿ, ಬಂದಷ್ಟೇ ನಿಧಾನವಾಗಿ ಒಳಗೆ ಹೋದರು.

ಓಣಿ ದಾಟುವವರೆಗೆ ಚಮನಸಾಬ ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡೇ ನಡೆದರು. ವಕೀಲರು ಈಗ ಕರೆದರೆ ಬರುತ್ತೀರಾ ಎಂದು ನಾನು ಕೇಳಿದಾಗ, ಹಿಂದಿರುಗಿ ಆ ಮನೆಯತ್ತ ನೋಡಿದರು.

"ಬರ್ತೇನ್ರಿ. ಆ ನೀರ ನೋಡೀರಿಲ್ಲ, ಹೆಂಗ ಹಸರಾಗೈತಿ? ಈಗ ಇರೂ ಕರಿ ಮೀನ ಏನ್ ಪಾಪ ಮಾಡೈತಿ. ನಾಳೆ ಕರದ್ರ ನಾಳೆನ ಬರ್ತೇನಿ." ಪೆಡಲಿನ ಮೇಲೆ ಕಾಲಿಟ್ಟರು. "ಪೇಢೆ ಮಾತ್ರ ತಿನ್ನಂಗಿಲ್ಲ."