ಇನ್ನೂ ಉಣ್ಣದ ಊಟದ ದರ

ಹಾವೇರಿಯ ಕೋರ್ಟಿನೆದುರು ಕೂತು ಅರ್ಜಿ, ಅಫಿಡವಿಟ್ಟುಗಳನ್ನು ಟೈಪು ಮಾಡಿ ಬದುಕುವವನು ನಾನು. ನ್ಯಾಯ ಎಲ್ಲಿ ಸಿಗುತ್ತದೆಂದು ಯಾರಾದರೂ ಕೇಳಿದರೆ ಹೇಳಲು ಬಾರದು. ಊಟ ಎಲ್ಲಿ ಸಿಗುತ್ತದೆಂಬುದನ್ನು ಮಾತ್ರ ಯಾವ ಪೀಠದ ಮುಂದೆಯಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ಕೋರ್ಟಿನ ಹಿಂದಿನ ಓಣಿಯಲ್ಲಿ, ಅವ್ವಾರ ಖಾನಾವಳಿಯಲ್ಲಿ.

ಅವ್ವಾರು ಎಂದರೆ ಖಾನಾವಳಿಯ ಒಡತಿ. ಅವರ ಹೆಸರು ನಮಗಾರಿಗೂ ಬೇಕಾಗಿರಲಿಲ್ಲ. ಅಲ್ಲಿಯ ಪದ್ಧತಿ ಹೀಗೆ: ಮೂವತ್ತು ಊಟದ ಹಣ ಮುಂಗಡ ಕೊಟ್ಟರೆ ಒಂದು ಕಾರ್ಡು ಸಿಗುತ್ತದೆ. ಬೇಕಾದಾಗ ಬಂದು ಉಣ್ಣಬಹುದು, ಉಂಡಂತೆ ಒಂದೊಂದು ತೂತು ಬೀಳುತ್ತದೆ. ಬ್ಯಾಡಗಿಯಿಂದ ಒಬ್ಬ ಸಾಹೇಬರು ಬರುತ್ತಾರೆ, ಮೆಣಸಿನಕಾಯಿ ವ್ಯಾಪಾರಸ್ಥರು. ಒಂದು ಜಾಗದ ದಾವೆಯ ತಾರೀಖು ಇದ್ದಾಗಷ್ಟೇ ಅವರ ಸವಾರಿ. ಅವರ ಕಾರ್ಡು ಮೊದಲು ಮುಗಿಯುತ್ತದೋ ದಾವೆ ಮೊದಲು ಮುಗಿಯುತ್ತದೋ ಎಂಬುದು ನಮ್ಮ ಸಾಲಿನಲ್ಲಿ ಬಹುಕಾಲದ ಜಿಜ್ಞಾಸೆ.

ಅವ್ವಾರ ಮಗ ಲಾರಿ ನಡೆಸುತ್ತಾನೆ. ಹೆದ್ದಾರಿಯಲ್ಲೇ ಅವನ ಸಂಸಾರ, ಮನೆಗೆ ಅತಿಥಿ. ಸೊಸೆ ಹಲಗೇರಿಯವಳು. ಮದುವೆಗೆ ಮುಂಚೆ ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಿಲ್ಲು ಮಾಡುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಬಡಿಯಲು ಚೆನ್ನಾಗಿಯೇ ಬರುತ್ತಿತ್ತು. ಆದರೆ ಬರುವುದನ್ನೆಲ್ಲ ಮಾಡುತ್ತಲೇ ಕೂರಬೇಕೆಂದು ಯಾವ ಕಾಯಿದೆಯಲ್ಲೂ ಬರೆದಿಲ್ಲ. ಅವ್ವಾರ ಮೊಣಕಾಲು ನೋವಿಗೆ ಬಿದ್ದು, ಗಲ್ಲಾದಿಂದ ಒಳಗೆ, ಒಳಗಿನಿಂದ ಗಲ್ಲಾಕ್ಕೆ ಓಡಾಡುವುದು ಕಷ್ಟವಾದಾಗ, ಸೊಸೆ ಒಂದು ಮಧ್ಯಾಹ್ನ ನಮ್ಮೆಲ್ಲರೆದುರೇ ಕೇಳಿದಳು.

“ಅತ್ತ್ಯಾರ, ಗಲ್ಲಾದ ಮ್ಯಾಲ ನಾ ಕುಂದ್ರಲೇನ್ರಿ? ಕಂಪ್ಯೂಟರ್ ಹಾಕೂಣು.”

ಅವ್ವಾರು ಬದನೆಕಾಯಿ ಪಲ್ಯ ಬಡಿಸುತ್ತಿದ್ದರು. ಸೌಟು ನಿಲ್ಲಿಸದೆ ಹೇಳಿದರು: “ಕುಂದ್ರು. ಆದ್ರ ಕಾರ್ಡಿನ ಮಂದಿ ಒಬ್ಬರು ಬಿಟ್ಟು ಹೋದ್ರೂ ಮರುದಿನ ನೀ ಮತ್ತ ಒಲಿ ಮುಂದ. ಆವಾಗ ಮಾರಿ ಸಣ್ಣದು ಮಾಡಬ್ಯಾಡ.”

“ಹೂಂರಿ.”

ಒಪ್ಪಂದಕ್ಕೆ ನಮ್ಮ ಸಾರಿನ ಬಟ್ಟಲುಗಳೇ ಸಾಕ್ಷಿ. ಛಾಪಾ ಕಾಗದ ಒಂದೇ ಕಡಿಮೆ.

ಕಂಪ್ಯೂಟರು ಬಂತು. ಅದರೊಳಗೆ ತಿಂಗಳ ಬಾಡಿಗೆಯ ಬಿಲ್ಲಿಂಗ್ ಸಾಫ್ಟ್‌ವೇರೂ ಬಂತು. ಕಾರ್ಡೆಂಬ ಹೆಸರಷ್ಟೇ ಉಳಿದು, ಕಾಗದ, ತೂತು ಎಲ್ಲ ಹೋಗಿ, ಉಂಡು ಕೈ ತೊಳೆಯುವಷ್ಟರಲ್ಲಿ ಫೋನಿಗೆ ಸಂದೇಶ ಬರತೊಡಗಿತು: ‘ನಿಮ್ಮ ಉಳಿದ ಊಟ ಇಷ್ಟು.’ ತನ್ನ ಪಾಲಿಗೆ ಉಳಿದ ಊಟ ಎಷ್ಟೆಂದು ಮನುಷ್ಯನಿಗೆ ದಿನವೂ ತಿಳಿಯುತ್ತಿರುವುದು ವೈರಾಗ್ಯಕ್ಕೆ ಒಳ್ಳೆಯದು. ಸೊಸೆ ಗಲ್ಲಾದ ಹಿಂದೆ ನೆಟ್ಟಗೆ ಕೂತಿರುತ್ತಿದ್ದಳು. ಒಲೆಯ ಮುಂದೆ ಕಾಣದ ಒಂದು ಮುಖ ಅಲ್ಲಿ ಕಾಣುತ್ತಿತ್ತು.

ಇಲ್ಲಿ ರೊಟ್ಟಿಯ ವಿಷಯ ಹೇಳಬೇಕು. ಆ ಖಾನಾವಳಿಯಲ್ಲಿ ದರ ಏರಿದ್ದನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಕಂಡದ್ದು ತಾಟಿನ ಅಂಚನ್ನು. ಒಂದು ಕಾಲಕ್ಕೆ ಅವ್ವಾರ ಜೋಳದ ರೊಟ್ಟಿ ತಾಟು ಮೀರಿ ಹೊರಗೆ ಇಣುಕುತ್ತಿತ್ತು. ಸಿಲಿಂಡರು ತುಟ್ಟಿಯಾದಾಗ ತಾಟಿನ ಅಳತೆಗೆ ಬಂತು. ಜೋಳ ತುಟ್ಟಿಯಾದಾಗ ಇನ್ನೂ ಒಳಗೆ ಸರಿಯಿತು. ಆ ತಾಟುಗಳ ಅಂಚಿಗೆ ಸುತ್ತಲೂ ಹೂಬಳ್ಳಿ ಕೆತ್ತಿದೆ ಎಂಬುದು ನಮಗೆ ತಿಳಿದದ್ದೇ ಆಗ. ಯಾರೂ ಮಾತೆತ್ತಲಿಲ್ಲ. ಎತ್ತಿದರೆ ಅವ್ವಾರು ದರ ಏರಿಸಬೇಕು, ನಾವು ಕೊಡಬೇಕು. ಎರಡೂ ಪಕ್ಷಗಳಿಗೆ ಮುಜುಗರ. ಹೀಗೆ ಹೂಬಳ್ಳಿಯನ್ನು ಕಂಡೂ ಕಾಣದಂತೆ ಉಣ್ಣುವ ಒಂದು ಶಿಷ್ಟಾಚಾರ ಬೆಳೆದಿತ್ತು.

ರೊಟ್ಟಿ ಕಿರಿದು ಮಾಡುವ ಬದಲು ದರವನ್ನೇ ಏರಿಸೋಣವೆಂದು ಸೊಸೆ ಹೇಳಿದಳಂತೆ. “ನಿನ್ನ ಗಲ್ಲಾ, ನಿನ್ನ ಹಣೇಬಾರ,” ಎಂದರಂತೆ ಅವ್ವಾರು.

ಆಕೆ ಹೊಸ ದರ ಹೊಡೆದಾಗ ಸಾಫ್ಟ್‌ವೇರು ಒಂದು ಪ್ರಶ್ನೆ ಕೇಳಿತು: ಇದು ಹೊಸ ಗಿರಾಕಿಗಳಿಗೆ ಮಾತ್ರವೋ, ಎಲ್ಲರಿಗೂ ಸೇರಿಯೋ? ಬೀಜದ ಅಂಗಡಿಯಲ್ಲಿ ದರ ಏರಿತೆಂದರೆ ಅಂಗಡಿಯಲ್ಲಿರುವ ಅಷ್ಟೂ ಪಾಕೀಟುಗಳಿಗೆ ಏರಿತು. ಹಣ ಕೊಟ್ಟವನು ಬೀಜ ಒಯ್ದಿರುತ್ತಾನೆ, ಒಯ್ಯದವನು ಹಣ ಕೊಟ್ಟಿರುವುದಿಲ್ಲ. ಅಲ್ಲಿ ಕಲಿತ ಕೈ ‘ಎಲ್ಲರಿಗೂ’ ಎಂಬುದನ್ನೇ ಒತ್ತಿತು. ಹಣ ಕೊಟ್ಟು, ಇನ್ನೂ ಉಣ್ಣದ ಊಟ ಎಂಬುದೊಂದು ಪದಾರ್ಥ ಈ ಲೋಕದಲ್ಲಿದೆ ಎಂದು ಕೈಗೆ ಹೊಳೆಯಲಿಲ್ಲ. ಸಾಫ್ಟ್‌ವೇರು ನಿಷ್ಠೆಯಿಂದ ಎಲ್ಲರ ಉಳಿದ ಹಣವನ್ನೂ ಹೊಸ ದರದಿಂದ ಭಾಗಿಸಿತು.

ಮರುದಿನ ಸಾಹೇಬರ ತಾರೀಖು. ಖಾನಾವಳಿ ತುಂಬಿತ್ತು. ನಾವು ತುತ್ತು ಮುರಿಯುವ ಹೊತ್ತಿಗೆ ಹೊಸ ಲೆಕ್ಕದ ಸಂದೇಶ ಹೊರಟು, ಎಲ್ಲರ ಜೇಬುಗಳೂ ಒಟ್ಟಿಗೆ ಗುಂಯ್‌ಗುಟ್ಟಿದವು.

ಮೊದಲು ಎದ್ದವರು ನನ್ನ ಪಕ್ಕದ ಎಳೆಯ ವಕೀಲರು. “ಏನವಾ ತಂಗಿ, ನಿನ್ನೆ ನಂದು ಇಪ್ಪತ್ತು ಊಟಾ ಇದ್ದವು. ಇವತ್ತ ಹದಿನೇಳು ಅಂತೈತಿ. ರಾತ್ರಿ ಕನಸಿನ್ಯಾಗ ಬಂದು ಉಂಡು ಹೋದ್ನೇನು?”

“ರೇಟು ಏರೈತ್ರಿ ಸರ…”

“ಏರಸ್ರಿ, ಬ್ಯಾಡಂದವರ್ಯಾರು? ಮುಂದಿನ ಕಾರ್ಡಿಗೆ ಏರಸ್ರಿ. ರೊಕ್ಕಾ ಎಣಿಸಿಕೊಂಡು ಇಟ್ಟ ಊಟಕ್ಕ ಹೆಂಗ ಏರಸ್ತೀರಿ? ನಡುವ ದಾವೇದಾಗ ಕಾಯಿದೆ ತಿದ್ದಿದಂಗಾತು ಇದು.”

ಆಕೆ ಪರದೆ ನೋಡಿದಳು. ತನ್ನ ಕೈ ಏನು ಮಾಡಿದೆಯೆಂದು ಆಗ ತಿಳಿಯಿತು.

“ಎದುರಿಗೆ ಹೊಸಾ ಖಾನಾವಳಿ ಆಗೈತಿ,” ಎಂದರು ವಕೀಲರು. “ನಡೀರಿ, ಅಲ್ಲೇ ಉಣ್ಣೂಣು.”

ಅವರೊಂದಿಗೆ ಇನ್ನಿಬ್ಬರು ಎದ್ದರು. ಸೊಸೆ ಅವರನ್ನು ನೋಡಲಿಲ್ಲ. ಅಡಿಗೆಮನೆಯ ಬಾಗಿಲು ನೋಡಿದಳು.

ಅಲ್ಲಿ ಅವ್ವಾರು ನಿಂತಿದ್ದರು. ಮೊಣಕೈವರೆಗೆ ಹಿಟ್ಟು. ನಿಧಾನವಾಗಿ ಬಂದು, ವಕೀಲರು ಬಿಟ್ಟೆದ್ದ ತಾಟಿನಿಂದ ರೊಟ್ಟಿಯನ್ನು ಸರಿಸಿ, ಅಂಚಿನ ಮೇಲೆ ಬೆರಳಿಟ್ಟರು.

“ವಕೀಲರ, ಈ ಹೂವು ಯಾವಾಗಿಂದ ಕಾಣಾಕತ್ತೈತಿ?”

ಆ ಪ್ರಶ್ನೆ ವಕೀಲರೊಬ್ಬರಿಗೇ ಕೇಳಿದ್ದಲ್ಲ.

“ನಾ ಹೇಳ್ತೀನಿ. ನೀವು ಇಲ್ಲಿ ಉಣ್ಣಾಕ ಬಂದಾಗ ಕಾಣ್ತಿರಲಿಲ್ಲ. ನಡುವ ನಾನೂ ಏರಸೀನಿ. ರೊಕ್ಕದಾಗ ಅಲ್ಲ, ರೊಟ್ಟ್ಯಾಗ. ಈ ಹುಡುಗಿ ಮಾಡಿದ್ದು ತಪ್ಪು, ಖರೇ. ಆದ್ರ ಆಕಿ ನಿಮ್ಮ ಫೋನಿಗೆ ಹೇಳಿ ಮಾಡ್ಯಾಳ. ನಾ ಹೇಳಲಾರದ ಮಾಡೀನಿ. ಹೋಗೂದಿದ್ರ ನನ್ನ ಹೆಸರ್ಲೆ ಹೋಗ್ರಿ. ಆಕಿ ಲೆಕ್ಕಕ್ಕ ಹಚ್ಚಬ್ಯಾಡ್ರಿ.”

ಇಷ್ಟು ವರ್ಷ ಎಲ್ಲರೂ ಸೇರಿ ಕಾಣದಂತೆ ನೋಡಿಕೊಂಡಿದ್ದನ್ನು ಆ ಮುದುಕಿ ತಾನೇ ಎತ್ತಿ ತೋರಿಸಿದ್ದರು, ಸೊಸೆಯ ಒಂದು ಕುರ್ಚಿಗಾಗಿ. ವಾದ ಮುಗಿದಾಗ ವಕೀಲರು ಏನು ಮಾಡುತ್ತಾರೋ ನಮ್ಮ ವಕೀಲರೂ ಅದನ್ನೇ ಮಾಡಿದರು. ಮುಂದಿನ ತಾರೀಖು ಕೇಳಿದರು.

“ಊಟಾ ಆದಮ್ಯಾಲ ಮಾತಾಡೂಣು ತಗೋರಿ ಅವ್ವಾರ,” ಎಂದು ಕೂತರು. ಎದ್ದಿದ್ದ ಇಬ್ಬರು, ಕೈ ತೊಳೆಯಲೆಂದೇ ಎದ್ದವರಂತೆ ನಲ್ಲಿಯವರೆಗೆ ಹೋಗಿ ಬಂದು ಕೂತರು.

ಸೊಸೆ ಅಷ್ಟರಲ್ಲಿ ಸಾಫ್ಟ್‌ವೇರಿನವರಿಗೆ ಫೋನು ಹಚ್ಚಿದ್ದಳು. ಎಲ್ಲರಿಗೂ ಒಮ್ಮೆಲೆ ಏರಿಸಲು ಬರುತ್ತದೆ, ಒಮ್ಮೆಲೆ ಇಳಿಸಲು ಬರುವುದಿಲ್ಲ, ಒಬ್ಬೊಬ್ಬರದೇ ತಿದ್ದಬೇಕು ಎಂದು ಅತ್ತಲಿಂದ ಉತ್ತರ ಬಂತು. ಏರುವುದು ಸುಲಭ, ಇಳಿಯುವುದು ಕಷ್ಟವೆಂಬ ಈ ಸತ್ಯಕ್ಕೆ ಅವ್ವಾರ ಮೊಣಕಾಲು ಮೆಟ್ಟಿಲ ಮೇಲೆ ಮೊದಲೇ ಸಾಕ್ಷಿ ಹೇಳಿತ್ತು. ಸೊಸೆ ಬೇಸರಿಸಲಿಲ್ಲ. ಉಂಡವರನ್ನು ಒಬ್ಬೊಬ್ಬರಾಗಿ ಕರೆದು, ಹೋದ ಊಟಗಳನ್ನು ಎದುರಿಗೇ ತಿರುಗಿ ಸೇರಿಸಿದಳು. “ಈ ಕಾರ್ಡು ಮುಗಿಯೂ ತನಕ ಹಳೇ ರೇಟ್ರಿ. ಮುಂದಿಂದು ಹೊಸಾದು. ಅದರ ಜೋಡಿ ರೊಟ್ಟಿನೂ ಮೊದಲಿನ ಅಳತಿಗೆ ಬರತಾವ್ರಿ,” ಎಂದು ಪ್ರತಿಯೊಬ್ಬರಿಗೂ ಹೇಳಿದಳು.

ಸಾಹೇಬರ ಸರದಿ ಬಂದಾಗ ಅವರು ಕೈ ಅಡ್ಡ ಹಿಡಿದರು. “ನಂದು ಹಂಗ ಇರಲಿ ಬಿಡವಾ ಬೇಟಿ. ನನ್ನ ಕೇಸು ಮುಗಿಯಂಗಿಲ್ಲ, ಕಾರ್ಡೂ ಮುಗಿಯಂಗಿಲ್ಲ. ಸಾಯೂ ತನಕ ಹಳೇ ರೇಟಿನ್ಯಾಗ ಉಂಡ್ರ ನಿನಗ ಲುಕ್ಸಾನು.”

“ಹಂಗ ಬರಂಗಿಲ್ರಿ ಚಾಚಾ,” ಎಂದಳು ಆಕೆ, ಆ ದಿನ ಮೊದಲ ಸಲ ನಗುತ್ತ. “ನೀವು ರೊಕ್ಕಾ ಕೊಟ್ಟ ದಿನಾ ಏನ್ ಮಾತಾಗಿತ್ತೋ ಅದ.”

ಮರುದಿನ ನಾನು ಸ್ವಲ್ಪ ಬೇಗನೇ ಹೋದೆ. ಕೆಲಸವೇನೂ ಇರಲಿಲ್ಲ, ಗಲ್ಲಾದ ಹಿಂದೆ ಯಾರು ಕೂತಿದ್ದಾರೆಂದು ನೋಡಬೇಕಿತ್ತು. ಆಕೆಯೇ ಕೂತಿದ್ದಳು. ವಕೀಲರು ನನಗಿಂತ ಬೇಗ ಬಂದಿದ್ದರು. ಅವರಿಗೂ ಕೆಲಸವಿದ್ದಂತೆ ಕಾಣಲಿಲ್ಲ.

ನನ್ನ ಕಾರ್ಡು ಮುಗಿದು ಹೊಸ ದರದ್ದು ಶುರುವಾಗಿ ಈಗ ಕೆಲ ಕಾಲವಾಯಿತು. ತಾಟಿನ ಹೂಬಳ್ಳಿ ಮತ್ತೆ ಕಾಣುವುದಿಲ್ಲ. ತೊಂದರೆ ಬೇರೆಯೇ ಆಗಿದೆ. ಸಣ್ಣ ರೊಟ್ಟಿಯ ಕಾಲದಲ್ಲಿ ನನಗೆ ವಯಸ್ಸಾಗಿಬಿಟ್ಟಿದೆ, ಈ ಅಗಲದ ಎರಡು ರೊಟ್ಟಿ ಹೊಟ್ಟೆಗೆ ಹಿಡಿಸುವುದಿಲ್ಲ. ಮೊನ್ನೆ ಅವ್ವಾರಿಗೆ ಮೆಲ್ಲನೆ ಹೇಳಿದೆ, ನನ್ನ ತಾಟಿಗೆ ಮೊದಲಿನಂತೆ ಸಣ್ಣದು ಹಾಕಿರೆಂದು.

“ನನ್ನ ಕೇಳಬ್ಯಾಡ್ರಿ,” ಎಂದರು ಅವರು, ಬಡಿಸುತ್ತಲೇ. “ಗಲ್ಲಾದಾಗ ಕೇಳ್ರಿ.”

ಗಲ್ಲಾದಲ್ಲಿ ಕೇಳಿದೆ. ಆಕೆ ಪರದೆ ನೋಡಿ, ನನ್ನ ಉಳಿದ ಊಟ ನೋಡಿ, ಹೇಳಿದಳು: “ಸಣ್ಣ ರೊಟ್ಟಿದು ಬ್ಯಾರೆ ಕಾರ್ಡ್ ಮಾಡೂಣ್ರಿ ಕಾಕಾ, ರೇಟೂ ಕಡಿಮಿ. ಆದ್ರ ಇದು ಮುಗದ ಮ್ಯಾಲ. ನಡುವ ಬದಲ ಮಾಡಂಗಿಲ್ಲ.”