ಪೂಜೆ ಕಂಡ ಹೊಂಗೆಮರ

ನಮ್ಮ ಅಂಗನವಾಡಿಯ ಸೂರಿನ ಮೇಲೆ ಒಂದು ಮಳೆಮರ ಬಾಗಿಕೊಂಡಿತ್ತು. ಒಳಗೆಲ್ಲ ಪೊಳ್ಳು. ಬೊಡ್ಡೆಗೆ ಕೈ ಬಡಿದರೆ ಖಾಲಿ ಡ್ರಮ್ಮಿನ ಸದ್ದು ಬರುತ್ತಿತ್ತು. ಮರ ಬಿದ್ದೇ ಬೀಳುತ್ತದೆ ಎಂಬುದರಲ್ಲಿ ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಾವತ್ತು, ಯಾರ ತಲೆಯ ಮೇಲೆ ಎಂಬುದಷ್ಟೇ ಗೊತ್ತಿರಲಿಲ್ಲ. ನಾನು ಅಲ್ಲಿಯ ಟೀಚರ್. ಮಕ್ಕಳನ್ನು ಅಡುಗೆಕೋಣೆಯ ಕಡೆಯ ಗೋಡೆಗೆ ಒತ್ತಿ ಕೂರಿಸಿಕೊಂಡು ಹಾಡು ಹೇಳಿಕೊಡುತ್ತಿದ್ದೆ. ಬಾಯಲ್ಲಿ ಹಾಡು, ಕಣ್ಣು ಮಾತ್ರ ಸೂರಿನ ಮೇಲೆ.

"ಸ್ವಲ್ಪ ದಿನ ಮುಚ್ಚಿಬಿಡಿ ಮೇಡಂ" ಎಂದು ಬುದ್ಧಿ ಹೇಳಿದವರಿಗೇನೂ ಕಮ್ಮಿಯಿಲ್ಲ. ಮುಚ್ಚಿದರೆ ಆ ಮಕ್ಕಳು ಹೋಗುವುದೆಲ್ಲಿಗೆ? ತಾಯಂದಿರು ಬೊಂಬೆ ಕೆಲಸಕ್ಕೋ ರೇಷ್ಮೆ ನೂಲು ತೆಗೆಯುವುದಕ್ಕೋ ಹೋದಮೇಲೆ ಅವು ಆಡುವುದು ಅದೇ ಮರದ ಬುಡದಲ್ಲಿ. ಬಾಡಿಗೆಗೆ ಬೇರೆ ಮನೆ ಹುಡುಕಿದೆ. ಚಿಕ್ಕಮಕ್ಕಳ ಗಲಾಟೆ ಎಂದ ಕೂಡಲೇ ಮನೆಯವರ ಮುಖ ಸೊಟ್ಟಗಾಗುತ್ತಿತ್ತು.

ಊರಿನ ಮರಕ್ಕೆ ಎಷ್ಟು ಜನ ಯಜಮಾನರು ಎಂಬುದು ಅರ್ಜಿ ಕೊಡುವ ತನಕ ಗೊತ್ತಾಗುವುದಿಲ್ಲ. ನೆಲ ಒಬ್ಬರದು, ಮರ ಇನ್ನೊಬ್ಬರದು, ನಡುವೆ ಹಾದುಹೋಗುವ ಕರೆಂಟಿನ ತಂತಿ ಮೂರನೆಯವರದು. ಬಿದ್ದಮೇಲೆ ಮಾತ್ರ ನಮ್ಮದು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ನಮ್ಮತ್ತೆ ಯಾವಾಗಲೂ ಆಡಿಕೊಳ್ಳುತ್ತಿದ್ದರು. ಆ ಸಿಟ್ಟು ಮೊದಲ ಸಲ ಕೆಲಸಕ್ಕೆ ಬಂದದ್ದು ಆ ಓಡಾಟದಲ್ಲಿ. ಹಾಗೆಂದು ನಿಯಮವನ್ನು ನಾನು ಬೈಯುವುದಿಲ್ಲ. ಮನಸ್ಸು ಬಂದವರೆಲ್ಲ ಕೊಡಲಿ ಹಿಡಿದು ಬರುವಂತಿದ್ದರೆ ಈ ಊರಲ್ಲಿ ಹಲ್ಲುಜ್ಜುವುದಕ್ಕೂ ಒಂದು ಬೇವಿನ ಕಡ್ಡಿ ಉಳಿಯುತ್ತಿರಲಿಲ್ಲ. ಅರಣ್ಯ ಇಲಾಖೆಯ ಅಧಿಕಾರಿ ಬಂದು ನೋಡಿದರು. ತಕರಾರು ಇದ್ದವರು ಹೇಳಿ ಎಂದು ನೋಟಿಸು ಅಂಟಿಸಿದರು. ಕೊನೆಗೆ ಮಳೆಮರ ಒಂದನ್ನು ಮಾತ್ರ ಕಡಿಯಲು ಅನುಮತಿ ಸಿಕ್ಕಿತು. ಬೊಡ್ಡೆಯ ಮೇಲೆ ಕೆಂಪು ಬಣ್ಣದ ಗುರುತು ಬಿತ್ತು. ಅಷ್ಟರಲ್ಲಿ ಮುಂಗಾರಿಗೆ ಮುಂಚಿನ ಗಾಳಿ ಶುರುವಾಗಿತ್ತು, ಸಂಜೆಯಾದರೆ ಮರ ಕಿರ್ರೆನ್ನುತ್ತಿತ್ತು.

ಮಳೆಮರದ ಮಗ್ಗುಲಲ್ಲೇ ಒಂದು ಹೊಂಗೆಮರ. ಗಟ್ಟಿಮುಟ್ಟಾದ ಮರ, ಬೇಸಿಗೆಯಲ್ಲೂ ತಂಪು. ಅದರ ನೆರಳಿಗೆ ಇಬ್ಬರು ಹಕ್ಕುದಾರರು. ಒಬ್ಬಳು ಹೂವಿನಜ್ಜಿ. ಅಕ್ಕೂರು ಕಡೆಯಿಂದ ಮದುವೆಯಾಗಿ ಬಂದವಳು, ರಸ್ತೆ ಕಡೆ ಚಾಚಿದ್ದ ದೊಡ್ಡ ಕೊಂಬೆಯ ಕೆಳಗೆ ಕೂತು ಹೂವು ಕಟ್ಟಿ ಮಾರುತ್ತಿದ್ದಳು. ಇನ್ನೊಬ್ಬರು ಬೊಂಬೆ ಮಾಡುವ ಸಾಬರು. ಅವರ ತಗಡಿನ ಶೆಡ್ಡು ಮರದ ಹಿಂದೆ, ಒಳಗೆ ಲೇತ್ ಮಿಷನ್ನುಗಳು. ಮರದ ಹೊಟ್ಟು ಹಾರಿ ಬಂದು ಮಲ್ಲಿಗೆಯ ಮೇಲೆ ಕೂರುತ್ತದೆ ಎಂದು ಅಜ್ಜಿ ದಿನಾ ಬೈಯುವಳು. "ಹೂವು ಮಾರ್ತೀಯೋ ಬಾಯಿ ಮಾರ್ತೀಯೋ ಅಮ್ಮ" ಎಂದು ಅವರು ಒಳಗಿಂದಲೇ ಕೂಗುವರು. ಬೈಗುಳ ಇಲ್ಲದ ದಿನ ಇಬ್ಬರಿಗೂ ಮೈ ಸರಿಯಿಲ್ಲ ಎಂದೇ ಅರ್ಥ.

ಕಡಿಯುವವರು ನಾಳೆ ಬರುತ್ತಾರೆ ಎಂಬ ಸುದ್ದಿ ಬಂದಾಗ ನನಗೆ ಸಮಾಧಾನವಾಯಿತು, ಅಜ್ಜಿಗೆ ಜೀವ ಹೋದಂತಾಯಿತು.

"ಒಂದುಕ್ಕೆ ಬಂದೋರು ಎಲ್ಡು ಹೊತ್ಕಂಡ್ ಹೋಯ್ತಾರೆ ಕಣವ್ವ. ನಾನ್ ಕಂಡಿಲ್ವಾ? ಒಣಗಿದ್ ಮರ ಅಂತ ಬತ್ತಾರೆ, ಹಸೀದ್ನೂ ಲಾರಿಗೆ ತುಂಬ್ಕತಾರೆ" ಎಂದಳು.

"ಹಂಗೆಲ್ಲ ಆಗಲ್ಲ ಅಜ್ಜಿ, ಗುರುತು ಹಾಕಿದ್ದಾರೆ" ಎಂದೆ.

ಅಜ್ಜಿಗೆ ಸರ್ಕಾರದ ಕೆಂಪಿಗಿಂತ ತನ್ನ ಕುಂಕುಮದ ಕೆಂಪಿನ ಮೇಲೆ ನಂಬಿಕೆ. ಅರಿಶಿನ ಕುಂಕುಮ ಇಟ್ಟ ಮರವನ್ನು ಎಂಥ ಪಾಪಿಯೂ ಮುಟ್ಟುವುದಿಲ್ಲ ಎಂಬುದು ಅವಳ ಲೆಕ್ಕ. ಅವತ್ತು ಸಂಜೆ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಹೊಂಗೆಗೆ ನೀರು ಹುಯ್ದು, ಬೊಡ್ಡೆಗೆ ಅರಿಶಿನ ಬಳಿದು, ದಾರ ಸುತ್ತಿ, ಅವತ್ತು ಮಾರದೆ ಉಳಿಸಿಕೊಂಡಿದ್ದ ಹೂವನ್ನೆಲ್ಲ ಮುಡಿಸಿದಳು. ಕಾಯಿ ಒಡೆದಳು. ಸಾಬರು ಮಿಷನ್ ನಿಲ್ಲಿಸಿ, ಶೆಡ್ಡಿನ ಡ್ರಮ್ಮಿನಿಂದ ಎರಡು ಕೊಡ ನೀರು ತಂದುಕೊಟ್ಟರು. ಪೂಜೆ ಮುಗಿದಮೇಲೆ ಕಾಯಿಚೂರು ತಿನ್ನುತ್ತಾ, "ಈಗ ನಮ್ ಮರ ಪಕ್ಕಾ" ಎಂದರು. ನಾನೂ ಒಂದು ಚೂರು ಬಾಯಿಗೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಬೀದಿಯ ಮೂಲೆ ತಿರುಗುವಷ್ಟರಲ್ಲಿ ಗರಗಸದ ಮಿಷನ್ನಿನ ಸದ್ದು ಕೇಳಿಸಿತು. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದರು. ಪರವಾಗಿಲ್ಲ, ಒಳ್ಳೆಯದೇ ಆಯಿತು ಎಂದುಕೊಂಡು ನಾಲ್ಕು ಹೆಜ್ಜೆ ಇಟ್ಟಿರಬಹುದು. ಹೊಂಗೆಯ ದೊಡ್ಡ ಕೊಂಬೆ ಲಟಲಟನೆ ಮುರಿದು ರಸ್ತೆಗೆ ಬಿತ್ತು. ಮಳೆಮರ ನಿಂತ ಹಾಗೇ ನಿಂತಿತ್ತು.

ನಾನು ಹೇಗೆ ಓಡಿದೆನೋ, ಏನು ಕೂಗಿದೆನೋ ನೆನಪಿಲ್ಲ. ಚಪ್ಪಲಿ ಒಂದು ಕಡೆ, ಬ್ಯಾಗು ಒಂದು ಕಡೆ. ಮರ ಹತ್ತಿದವನು ಗಾಬರಿಯಾಗಿ ಮಿಷನ್ ನಿಲ್ಲಿಸಿದ. ಕುದೂರು ಕಡೆಯ ಮೇಸ್ತ್ರಿ ಕೆಳಗೆ ನಿಂತಿದ್ದ, ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ.

"ಯಾವ ಮರ ಕಡೀತಿದ್ದೀಯಪ್ಪ? ಗುರುತು ಕಾಣಲ್ವಾ?"

"ಗುರ್ತು ಎಲ್ಲೈತೆ ತೋರ್ಸಿ ಮೇಡಂ?"

ತೋರಿಸಲು ತಿರುಗಿದೆ. ಕೆಂಪು ಗುರುತಿರಲಿಲ್ಲ. ಕೊಳೆತ ಮರದ ತೊಗಟೆ ಪದರ ಪದರವಾಗಿ ಕಳಚುತ್ತಿತ್ತು, ಗುರುತಿದ್ದ ತೊಗಟೆಯೂ ರಾತ್ರಿಯ ಗಾಳಿಗೆ ಉದುರಿಹೋಗಿತ್ತು.

"ನಮ್ಮಲ್ಲಿ ಮರುಕ್ಕೆ ಕೇಳ್ದೆ ಕೊಡ್ಲಿ ಇಕ್ಕಲ್ಲ" ಎಂದ ಮೇಸ್ತ್ರಿ. "ಹಿಂದಿನ್ ಸಂಜೇನೇ ನಮ್ಮೋರು ಒಬ್ರು ಬಂದು ಪೂಜೆ ಮಾಡಿ, ತಪ್ಪಾಯ್ತು ತಾಯಿ, ನಿನ್ ಮ್ಯಾಲೆ ಯಾರಾರ ಇದ್ರೆ ಬ್ಯಾರೆ ಕಡೀಕೆ ಕಳ್ಸವ್ವ ಅಂತ ಕೇಳ್ಕಂಡ್ ಹೋಯ್ತಾರೆ. ನೆನ್ನೆ ಬರ್ಬೇಕಾದೋನು ಬಂದಿದ್ನೋ ಇಲ್ವೋ ಕೇಳ್ನಿಲ್ಲ, ಪೂಜೆ ಆಗಿರಾದು ಕಾಣುಸ್ತು. ಇದೇ ಮರ ಅನ್ಕಂಡೊ."

ಅಜ್ಜಿ ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಆಗತಾನೆ ಬಂದು ನಿಂತಿದ್ದಳು. ಮೇಸ್ತ್ರಿಯ ಮಾತೆಲ್ಲ ಕೇಳಿಸಿಕೊಂಡಳು. ಕುಂಕುಮ ಹಚ್ಚಿದ್ದು ಕಾಯಲಿಕ್ಕೆ, ಅದೇ ಕಡಿಯುವವರಿಗೆ ದಾರಿ ತೋರಿಸಿತ್ತು. ನನಗೆ ಅಳು ಬಂತು, ಜೊತೆಗೆ ಯಾರನ್ನಾದರೂ ಹಿಡಿದು ಬಾರಿಸಬೇಕು ಎನ್ನಿಸುವಷ್ಟು ಕೋಪ ಬಂತು. ಬಾರಿಸುವುದಾದರೂ ಯಾರನ್ನು?

ಅಧಿಕಾರಿ ಬರುವಷ್ಟರಲ್ಲಿ ಜನ ಸೇರಿದ್ದರು. ಇನ್ನೂ ಎಳೆಯ ವಯಸ್ಸಿನ ಮನುಷ್ಯ, ಒಳ್ಳೆಯವರು, ಹೆದರಿದ್ದರು. ಬಿದ್ದ ಕೊಂಬೆಯನ್ನು ನೋಡಿ ಕರ್ಚೀಫಿನಿಂದ ಮುಖ ಒರೆಸಿಕೊಂಡರು.

"ಕೆಲಸ ನಿಲ್ಲಿಸಿ. ಅನುಮತಿ ಇಲ್ಲದ ಮರ ಮುಟ್ಟಿದ್ದೀರಿ. ನಾನು ಮೇಲಕ್ಕೆ ವರದಿ ಮಾಡಬೇಕು. ವಿಚಾರಣೆ ಮುಗಿಯೋ ತನಕ ಯಾವ ಮರಕ್ಕೂ ಕೈ ಹಾಕಂಗಿಲ್ಲ."

"ವಿಚಾರಣೆ ಯಾವಾಗ ಮುಗಿಯತ್ತೆ ಸಾರ್?" ಎಂದೆ.

ಅಷ್ಟರಲ್ಲಿ ಗಾಳಿ ಬೀಸಿತು. ಮಳೆಮರದಿಂದ ತೋಳಿನಷ್ಟು ದಪ್ಪದ ಒಂದು ಒಣಕೊಂಬೆ ಕಳಚಿ ಅಂಗನವಾಡಿಯ ಸೂರಿನ ಮೇಲೆ ಬಿದ್ದು ಉರುಳಿತು. ಎರಡು ಹೆಂಚು ಒಡೆದವು. ಮಕ್ಕಳು ಆಗಲೇ ಒಂದೊಂದಾಗಿ ತಾಯಂದಿರ ಕೈ ಹಿಡಿದು ಬರುತ್ತಿದ್ದವು. ಅವನ್ನೆಲ್ಲ ಸಾಬರು ತಮ್ಮ ಶೆಡ್ಡಿನೊಳಕ್ಕೆ ಕರೆದುಕೊಂಡರು, ಮಿಷನ್ನು ಬಂದ್ ಮಾಡಿದರು. ಒಂದು ದಿನವೇನೋ ಸರಿ. ವಿಚಾರಣೆ ಮಳೆಗಾಲದ ಆಚೆಗೆ ಹೋದರೆ?

ಅಧಿಕಾರಿಯೂ ಒಡೆದ ಹೆಂಚನ್ನು ನೋಡಿದರು. ಆಮೇಲೆ ಸ್ವರ ತಗ್ಗಿಸಿ, ಯಾರ ಮುಖವನ್ನೂ ನೋಡದೆ ಹೇಳಿದರು: "ಕೊಂಬೆ ಬಿದ್ದು ಅಪಾಯ ಆಗತ್ತೆ ಅಂತ ಇಲ್ಲಿನವರು ಯಾರಾದರೂ ಕೇಳಿಕೊಂಡು, ಅದಕ್ಕೇ ಇವರು ಕಡಿದಿದ್ದರೆ ಅದು ಬೇರೆ ವಿಷಯ. ಕೇಳಿದವರು ದಂಡ ಕಟ್ಟಿ, ಬದಲಿಗೆ ಸಸಿ ಬೆಳೆಸಬೇಕಾಗತ್ತೆ. ಮಳೆಮರದ ಕೆಲಸ ನಿಲ್ಲಲ್ಲ."

ಬಿದ್ದಿದ್ದ ಕೊಂಬೆ ಎಲೆಯೆಲೆಯೂ ಹಸಿರಾಗಿತ್ತು, ಅದರಲ್ಲಿ ಅಪಾಯ ಕಾಣಬೇಕಾದರೆ ಕಣ್ಣು ಮುಚ್ಚಿಕೊಳ್ಳಬೇಕಿತ್ತು.

"ನಾನೇ ಹೇಳ್ದೆ ಸಾರ್" ಎಂದರು ಸಾಬರು. "ಕೊಂಬೆ ನಮ್ ಶೀಟ್ ಮೇಲೆ ಬರ್ತಿತ್ತು. ಬರ್ಕೊಳ್ಳಿ."

ಶೆಡ್ಡು ಮರದ ಹಿಂದಿತ್ತು, ಕೊಂಬೆ ರಸ್ತೆ ಕಡೆಯದು, ಆದರೂ ನನಗೆ ಹೋದ ಉಸಿರು ಬಂದಂತಾಯಿತು. ಹಿಂದಿನಿಂದ ಬಂದ ಒಂದು ದನಿ ಆ ಸಮಾಧಾನವನ್ನು ನಿಲ್ಲಲು ಬಿಡಲಿಲ್ಲ. ಬೇರೆ ಬೀದಿಯವನು, ಬೈಕಿನ ಮೇಲೆ ಕೂತೇ ಮೊಬೈಲು ಎತ್ತಿ ಹಿಡಿದಿದ್ದ. ವಿಡಿಯೊದಲ್ಲಿ ಮೊದಲು ಕುಂಕುಮದ ಬೊಡ್ಡೆಯನ್ನು ಹಿಡಿದ, ಆಮೇಲೆ ಸಾಬರ ಮುಖವನ್ನು.

"ಪೂಜೆ ಮಾಡಿರೋ ಮರಾನ ಸಾಬ್ರು ಕಡ್ಸವ್ರೆ. ಅವ್ರೇ ಬಾಯ್ಬುಟ್ಟು ಯೋಳ್ತಾವ್ರೆ, ಕೇಳಿಸ್ಕಳಿ ಎಲ್ಲಾರೂವೆ."

ಆ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿ ರಾಮನಗರ, ಕನಕಪುರ, ಮಾಗಡಿ ಮುಟ್ಟುವುದಕ್ಕೆ ಎಷ್ಟು ಹೊತ್ತು ಬೇಕು, ಮುಟ್ಟಿದಮೇಲೆ ಏನೇನಾಗುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಾಬರಿಗೂ ಗೊತ್ತಾಯಿತು. ಆದರೆ ಹೇಳಿದ ಮಾತನ್ನು ಅವರು ವಾಪಸ್ಸು ತೆಗೆದುಕೊಳ್ಳಲಿಲ್ಲ. ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತುಕೊಂಡರು, ಒಳಗೆ ನಮ್ಮ ಮಕ್ಕಳಿದ್ದರು.

ಅಜ್ಜಿ ಬುಟ್ಟಿ ಕೆಳಗಿಟ್ಟಳು. ಜನರನ್ನು ಸೀಳಿಕೊಂಡು ಹೋಗಿ ಬೈಕಿನವನ ಎದುರಿಗೆ ನಿಂತಳು.

"ಏನ್ಲಾ, ಅವರ್ನ ಏನ್ ಹಿಡೀತೀಯ? ನನ್ ಹಿಡ್ಕಳ್ಲಾ. ಪೂಜೆ ಮಾಡ್ದೋಳು ನಾನು. ಕೊಂಬೆ ಕಡೀರಪ್ಪ ಅಂದೋಳೂ ನಾನೇ. ಮೈ ತುಂಬ ಕುಂಕುಮ ಇಕ್ಕಿ, ಕೇಳ್ಕಂಡು, ಆಮ್ಯಾಕೇ ಕಡ್ಸಿವ್ನಿ. ನಿಂಗೇನ್ಲಾ ಕಷ್ಟ?"

"ನೀನ್ಯಾಕ್ ಕಡ್ಸೀಯೆ ಅಜ್ಜಿ? ನೀನ್ ಕೂರೋ ಜಾಗ್ವೇ ಅದು" ಎಂದ ಅವನು.

"ನನ್ ತಲೆ, ನನ್ ಕೊಂಬೆ. ನಿಮ್ಮಪ್ಪುನ್ ಗಂಟು ಹೋಯ್ತಾ?"

ಯಾರೋ ಕಿಸಕ್ಕೆಂದರು. ಬೈಕಿನವನ ಕೈ ಸ್ವಲ್ಪ ಇಳಿಯಿತು, ಆದರೆ ಮೊಬೈಲು ಜೇಬಿಗೆ ಹೋಗಲಿಲ್ಲ. ಅಧಿಕಾರಿ ನನ್ನ ಕಡೆ ತಿರುಗಿದರು.

"ಟೀಚರ್, ನೀವು ಅರ್ಜಿ ಕೊಟ್ಟವರು. ಇಬ್ಬರಲ್ಲಿ ಹೇಳಿದ್ದು ಯಾರು?"

ಇಬ್ಬರೂ ಹೇಳಿರಲಿಲ್ಲ. ಹಾಗೆಂದರೆ ಕೆಲಸ ನಿಲ್ಲುತ್ತಿತ್ತು. ಸಾಬರ ಹೆಸರು ಹೇಳಿದರೆ ಬೈಕಿನವನ ಬಾಯಿಗೆ ನಾನೇ ತುತ್ತಿಟ್ಟಂತೆ. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಆ ಮರಕ್ಕಾಗಿ ಅವತ್ತಿನ ವ್ಯಾಪಾರದ ಹೂವನ್ನೆಲ್ಲ ಸುರಿದವಳು. ಅವಳೇ ಅದನ್ನು ಕಡಿಸಿದಳು ಎಂದು ಹತ್ತು ಜನರ ಮುಂದೆ ನಾನು ಹೇಳಬೇಕಿತ್ತು.

"ಅಜ್ಜಿ, ಸಾರ್" ಎಂದೆ. "ಅಜ್ಜಿಯೇ ಕಡಿಸಿದ್ದು."

"ಹೂಂ ಮತ್ತೆ" ಎಂದಳು ಅಜ್ಜಿ, ಅಧಿಕಾರಿಯ ಕಡೆ ಹೆಬ್ಬೆಟ್ಟು ಚಾಚಿದಳು.

ಮಧ್ಯಾಹ್ನದೊಳಗೆ ಮಳೆಮರವನ್ನು ಇಳಿಸಿದರು. ಸೂರಿನ ಮೇಲಿದ್ದ ಕೊಂಬೆಗಳನ್ನು ಹಗ್ಗ ಕಟ್ಟಿ ಒಂದೊಂದಾಗಿ ಕೆಳಗಿಳಿಸಿ, ಕೊನೆಗೆ ಬೊಡ್ಡೆಗೆ ಬಂದರು. ಗರಗಸ ಅರ್ಧಕ್ಕೂ ಹೋಗಿರಲಿಲ್ಲ, ಬೊಡ್ಡೆ ತಾನಾಗಿ ಮುರಿದು ರಸ್ತೆಗೆ ಕುಸಿಯಿತು. ಒಳಗೆ ಮಣ್ಣಿನಂಥ ಪುಡಿ ತುಂಬಿತ್ತು. ಮೇಸ್ತ್ರಿ ಒಂದು ಹಿಡಿ ತೆಗೆದು ಕೈಯಲ್ಲೇ ಉಜ್ಜಿ ನೋಡಿ, "ಈ ಮಳೆ ತಡೀತಿರ್ಲಿಲ್ಲ ಮೇಡಂ" ಎಂದ. ಬೈಕಿನವನು ಯಾವಾಗಲೋ ಹೊರಟುಹೋಗಿದ್ದ.

ಮಕ್ಕಳನ್ನು ಕರೆತಂದು ಕೋಣೆಯ ನಡುವೆಯೇ ಚಾಪೆ ಹಾಸಿ ಕೂರಿಸಿದೆ. ತಟ್ಟೆಗೆ ಅನ್ನಸಾರು ಬಡಿಸುತ್ತಿದ್ದಾಗ ಗಾಳಿ ಜೋರಾಗಿ ಬೀಸಿತು, ನಾನು ತಲೆ ಎತ್ತಿ ನೋಡಲಿಲ್ಲ. ಕಿಟಕಿಯಿಂದ ಹೊಂಗೆಯ ಬುಡ ಕಾಣುತ್ತಿತ್ತು. ಅಜ್ಜಿ ಕೂರುವ ಜಾಗದಲ್ಲಿ ಬಿಸಿಲು ರಣಗುಡುತ್ತಿತ್ತು. ಅವಳು ಸೆರಗನ್ನು ಹೂವಿನ ಬುಟ್ಟಿಯ ಮೇಲೆ ಹೊದಿಸಿ, ತನ್ನ ತಲೆಯನ್ನು ಹಾಗೇ ಬಿಟ್ಟುಕೊಂಡು ಕೂತಿದ್ದಳು. ಸಾಬರು ಶೆಡ್ಡಿನಿಂದ ಹೊರಗೆ ಬಂದು ಏನೋ ಹೇಳಿದರು, ಒಳಗೆ ಬಾ ಎಂದಿರಬೇಕು. ಅಜ್ಜಿ ಕೈ ಬೀಸಿ ಬೈದಳು. ಸುಳ್ಳು ಹೇಳಿದ್ದಕ್ಕೆ ನನಗೆ ನಾಚಿಕೆಯಿರಲಿಲ್ಲ, ಆ ಸುಳ್ಳಿನ ಬಿಸಿಲು ಅವಳ ನೆತ್ತಿಗೆ ಬಿದ್ದದ್ದಕ್ಕೆ ಸಂಕಟವಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಅವಳೇ ಎದ್ದು ಬುಟ್ಟಿ ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ನಾನು ಸೌಟು ಹಿಡಿದುಕೊಂಡೇ ನಿಂತೆ. ಅವಳು ನನ್ನನ್ನು ದಾಟಿ ಒಳಗೆ ಬಂದು ಮಕ್ಕಳ ಸಾಲನ್ನು ಒಮ್ಮೆ ನೋಡಿದಳು.

"ಒಸಿ ಜರುಗ್ರಪ್ಪ ಅತ್ಲಾಗೆ" ಎಂದಳು. "ನನ್ ನೆಳ್ಳು ನಿಮ್ಗೆ ಕೊಟ್ಬುಟ್ಟಿವ್ನಿ."

ಮಕ್ಕಳು ತಟ್ಟೆ ಎತ್ತಿಕೊಂಡು ಜರುಗಿ ಜಾಗ ಬಿಟ್ಟವು.