ಪೂಜೆಗೆ ಕೂತ ಸೌಟುಗಳು

ಮಕರಪುರದ ನಮ್ಮ ವೆಲ್ಡಿಂಗ್ ಕಡ್ಡಿ ಕಾರ್ಖಾನೆಯಲ್ಲಿ ಸ್ಟೋರು ನೋಡಿಕೊಳ್ಳುವ ರಘುರಾಮಣ್ಣ ಕುಂದಾಪುರದವರು. ವಡೋದರಾಕ್ಕೆ ಬಂದು ಇಪ್ಪತ್ತೆರಡು ವರ್ಷ. ಕಡ್ಡಿಯ ಲೇಪಕ್ಕೆ ಬೇಕಾದ ರೂಟೈಲ್ ಮರಳನ್ನು ಅಂಗೈಯಲ್ಲಿ ಉಜ್ಜಿ ನೋಡಿಯೇ ಪಾಸು ಮಾಡುವ ಮನುಷ್ಯ. ಲ್ಯಾಬಿನಲ್ಲಿ ಕೂರುವ ನನಗೆ ಇದರಿಂದ ಮೈ ಉರಿಯುತ್ತಿತ್ತು.

"ಬಂಡೆಯೊಳಗೆ ಹುಟ್ಟಿದ್ದನ್ನು ಹೊಳೆ ಸವೆಸಿ ಕಡಲಿಗೆ ತರ್ತದೆ. ಹಗುರದ್ದನ್ನು ತೆರೆ ಎಳ್ಕೊಂಡು ಹೋಗ್ತದೆ, ಭಾರದ್ದು ದಡದಲ್ಲಿ ಉಳೀತದೆ. ಕೆಂಪು ರೂಟೈಲ್, ಕಪ್ಪು ಇಲ್ಮನೈಟ್, ಎರಡರಲ್ಲೂ ಟೈಟಾನಿಯಂ ಉಂಟು. ಕಡಲಕರೆಯವನಿಗೆ ಪಾಠ ಹೇಳ್ಬೇಡ ಮಾರಾಯ್ತಿ!"

"ಕಪ್ಪಿನಲ್ಲಿ ಕಬ್ಬಿಣವೂ ಇದೆಯಲ್ಲಣ್ಣಾ. ಅದನ್ನ ಶುದ್ಧ ಮಾಡಿ ಬಿಳಿ ಪೇಂಟಿಗೆ ಹಾಕೋರು ಹಾಕ್ಕೊಳ್ಳಲಿ. ನಮ್ಮ ಕಡ್ಡಿಗೆ ಬೇಡ."

ದಸರೆಯ ಆಯುಧಪೂಜೆ ಮುಗಿದ ಮಾರನೆಯ ದಿನ, ಸ್ಟೋರಿನಿಂದ ಬಂದ ರೂಟೈಲ್ ಮಾದರಿಯ ಮೇಲೆ ಲ್ಯಾಬಿನ ದೊಡ್ಡ ಅಯಸ್ಕಾಂತ ಹಿಡಿದೆ. ಕಪ್ಪು ಕಾಳುಗಳು ಮುತ್ತಿಕೊಂಡವು. ಇಲ್ಮನೈಟ್ ಕಲಬೆರಕೆ! ಅದೇ ಲಾಟಿನ ಮರಳಿನಿಂದ ಹಬ್ಬಕ್ಕೆ ಮುಂಚೆ ಎರಡು ದಿನ ಕಡ್ಡಿ ತಯಾರಾಗಿತ್ತು. ಮಾಲೀಕ ಅಮೃತ್‌ಭಾಯ್ ಕೂಗಾಡಿದರು. ಸಂಜೆಯೊಳಗೆ ಕಲಬೆರಕೆ ಖಚಿತವಾದರೆ ಕಡ್ಡಿ ಗುಜರಿಗೆ, ರಘುರಾಮಣ್ಣ ಮನೆಗೆ.

ಅಣ್ಣನ ಮುಖ ಬಿಳಿಚಿಕೊಂಡಿತು. "ನನ್ನ ಕೈ ಸುಳ್ಳು ಹೇಳಿತಾ ವಿಂಧ್ಯಾ?" ಎಂದು ಅಂಗೈಯನ್ನೇ ನೋಡುತ್ತ ಕೂತರು. ಅಯ್ಯೋ, ನನ್ನ ಸಿಟ್ಟೆಲ್ಲ ಇಳಿದು ಸಂಕಟವಾಯಿತು.

ಆಗ ಫ್ರಿಜ್ಜಿಗೆ ಅಂಟಿಸಿದ್ದ ಗಣಪತಿ ಬೊಂಬೆಯ ಅಯಸ್ಕಾಂತ ಕಣ್ಣಿಗೆ ಬಿತ್ತು. ಇಲ್ಮನೈಟ್ ಜಂಬದ್ದು, ಇಂಥ ಬಡಪಾಯಿ ಅಯಸ್ಕಾಂತಕ್ಕೆಲ್ಲ ಓಗೊಡುವುದಿಲ್ಲ. ಹಿಡಿದೆ. ಕಪ್ಪು ಕಾಳೆಲ್ಲ ಹಾರಿ ಬಂದು ಗಣಪತಿಗೆ ಅಂಟಿದವು!

"ಅಣ್ಣಾ, ಇದು ಇಲ್ಮನೈಟ್ ಅಲ್ಲ, ಬರೀ ಕಬ್ಬಿಣದ ಪುಡಿ! ನಿನ್ನೆ ಪೂಜೆಗೆ ಸೌಟೆಲ್ಲ ಒಟ್ಟಿಗೆ ಇಟ್ಟಿದ್ರಲ್ಲ?"

ಕಬ್ಬಿಣದ ಪುಡಿಯೂ ನಮ್ಮ ಲೇಪಕ್ಕೆ ಬೀಳುವ ಸಾಮಾನೇ. ಒಂದೊಂದು ಸಾಮಾನಿಗೆ ಒಂದೊಂದು ಸೌಟು. ನೀರು ತಾಗಿದರೆ ತುಕ್ಕೆಂದು ತೊಳೆಯದೆ, ಎಲ್ಲಕ್ಕೂ ಕುಂಕುಮ ಹಚ್ಚಿ, ಅದಲು ಬದಲಾಗಿ ವಾಪಸು ಇಟ್ಟವರು ಅಣ್ಣನೇ. ಕಬ್ಬಿಣದ ಪುಡಿಯ ಸೌಟಿನಲ್ಲೇ ಇವತ್ತು ರೂಟೈಲ್ ಮಾದರಿ ತೆಗೆದಿದ್ದರು.

ಹೊಸ ಸೌಟಿನಲ್ಲಿ ಚೀಲದಿಂದ ಮರಳು ತೆಗೆದು ದೊಡ್ಡ ಅಯಸ್ಕಾಂತ ಹಿಡಿದೆ. ನಾಲ್ಕು ಕಾಳು ಬಿಟ್ಟರೆ ಏನೂ ಏಳಲಿಲ್ಲ. ಮರಳು ಶುದ್ಧ, ಹಬ್ಬಕ್ಕೆ ಮುಂಚಿನ ಕಡ್ಡಿಯೂ ಸರಿ.

"ಉಸ್ಸಪ್ಪಾ, ದೇವರು ದೊಡ್ಡವನು!" ಎಂದವರೇ ಅಣ್ಣ ಚೀಲದ ಮೇಲೆ ಕುಸಿದು ಕೂತು, ನಗುತ್ತಲೇ ಕಣ್ಣೊರೆಸಿಕೊಂಡರು. ನನಗೂ ಹೋದ ಜೀವ ಬಂದಂತಾಯಿತು. ತಪ್ಪು ತನ್ನದೇ ಎಂದು ಅಮೃತ್‌ಭಾಯ್‌ಗೆ ಅವರೇ ಹೋಗಿ ಹೇಳಿದರು. ಮಾಲೀಕರು ಚೆನ್ನಾಗಿ ಬೈದು, ಆಮೇಲೆ ಚಹಾ ತರಿಸಿದರು.

ಈಗಲೂ ಅಣ್ಣ ಮರಳನ್ನು ಅಂಗೈಯಲ್ಲಿ ಉಜ್ಜಿಯೇ ನೋಡುತ್ತಾರೆ. ಆದರೆ ಪಾಸು ಮಾಡುವ ಮೊದಲು ಆ ಅಂಗೈಯನ್ನು ನನ್ನ ಮುಂದೆ ಚಾಚುತ್ತಾರೆ.

"ನೀನೂ ಒಮ್ಮೆ ನೋಡು ಮಾರಾಯ್ತಿ."